ಎರಡು ಪಾಳಿಯ ಜೀಪು

ನನ್ನ ತವರಿನ ಜೀಪಿಗೆ ಎರಡು ಬ್ಯಾಟರಿ ಇದ್ದವು. ಎರಡು ಸ್ಟೆಪ್ನಿ, ಎರಡು ಜಾಕು, ಎರಡು ಹಾರ್ನು ಕೂಡ. ಗಾಡಿಯಲ್ಲಿ ಮಾತ್ರ ಯಾವಾಗ ನೋಡಿದರೂ ಒಂದೊಂದೇ. ಉಳಿದ ಒಂದೊಂದು ಅಣ್ಣನ ಮನೆಯ ಮಂಚದ ಕೆಳಗೋ ತಮ್ಮನ ಮನೆಯ ಮೂಲೆಯಲ್ಲೋ ಗೋಣಿಚೀಲ ಹೊದ್ದು ಬಿದ್ದಿರುತ್ತಿದ್ದವು. ಕೇಳಿದವರು ನಗುತ್ತಾರೆ. ನಗಲಿ, ಮೊದಲ ಸಲ ನೋಡಿದಾಗ ನಾನೂ ನಕ್ಕವಳೇ.

ಜೀಪು ಅಪ್ಪನದು. ಯಾರೋ ಓಡಿಸಿ ಬಿಟ್ಟದ್ದನ್ನು ತಂದು, ಹಿಂದೆ ಎದುರುಬದುರು ಸೀಟು ಹಾಕಿಸಿ, ದೇವಾಪುರದ ಕಡೆಯಿಂದ ಸುರಪುರ, ಶಹಾಪುರ, ಯಾದಗಿರಿ ಸ್ಟೇಷನ್ನಿನ ತನಕ ಮಂದಿ ಸಾಗಿಸುತ್ತಿದ್ದ. ಕಿಲೋಮೀಟರ್ ತೋರಿಸುವ ಮೀಟರು ನಾನು ಕನ್ನಡ ಶಾಲೆಗೆ ಹೋಗುವಾಗಲೇ ನಿಂತಿತ್ತು. "ಮೀಟರ್ ನಿಂತದ, ಗಾಡಿ ಎಲ್ಲಿ ನಿಂತದ?" ಎಂದು ಅಪ್ಪ ಅದರ ಗಾಜಿಗೆ ವಿಭೂತಿ ಹಚ್ಚಿ ಬಿಟ್ಟಿದ್ದ. ಅಪ್ಪ ಹೋದ ಮೇಲೆ ಅಣ್ಣ ಸ್ಟೇರಿಂಗಿಗೆ ಕುಳಿತ, ತಮ್ಮ ಹಿಂದೆ ಜೋತುಬಿದ್ದು "ಶಾಪುರ, ಯಾದಗಿರ್, ಶಾಪುರ, ಯಾದಗಿರ್" ಎಂದು ಕೂಗಿದ. ನಾನು ಇಬ್ಬರ ನಡುವಿನವಳು. ಆಗಲೇ ಶಹಾಪುರಕ್ಕೆ ಮದುವೆಯಾಗಿ ಬಂದು ಅಲ್ಲಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಸಂಜೆ ಶಾಲೆ ಬಿಟ್ಟು ಬರುವಾಗ ಬಸ್ ಸ್ಟ್ಯಾಂಡಿನ ಎದುರು ತಮ್ಮನ ಕೂಗು ಕೇಳಿಸಿದರೆ ಸಾಕು, ತವರಿಗೆ ಹೋಗಿ ಬಂದಷ್ಟೇ ಆಗುತ್ತಿತ್ತು ನನಗೆ.

ಇಬ್ಬರೂ ಯಾಕೆ ಕೆಟ್ಟು ಮಾತು ಬಿಟ್ಟರೆಂದು ಇವತ್ತಿಗೂ ನನಗೆ ಸರಿಯಾಗಿ ತಿಳಿದಿಲ್ಲ. ಅಣ್ಣನನ್ನು ಕೇಳಿದರೆ ಒಂದು ಜಗಳ ಹೇಳುತ್ತಾನೆ, ತಮ್ಮನನ್ನು ಕೇಳಿದರೆ ಬೇರೆಯೇ ಜಗಳ ಹೇಳುತ್ತಾನೆ. ಹೊಲ ಹಂಚಿದರು. ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಬಾಗಿಲು ಮಾಡಿದರು. ತಾಮ್ರದ ಹಂಡೆ ಒಬ್ಬನಿಗೆ, ಅದರ ಮುಚ್ಚಳ ಇನ್ನೊಬ್ಬನಿಗೆ ಎಂಬಂಥ ಹುಚ್ಚು ಹಂಚಿಕೆಯೂ ಆಯಿತು. ಹಂಚಿಕೆ ಜೀಪಿಗೆ ಬಂದಾಗ ಊರ ಹಿರಿಯರು ತಲೆ ಕೆರೆದುಕೊಂಡರು. ಮಾರಿ ಹಂಚಿಕೊಳ್ಳಿ ಎಂದರೆ, ಆ ಹಳೆಯ ಗಾಡಿಯನ್ನು ಗುಜರಿಯವನು ಬಿಟ್ಟರೆ ಬೇರೆ ಯಾರೂ ಕೇಳುತ್ತಿರಲಿಲ್ಲ.

ಅವ್ವ ಆಗ ಇನ್ನೂ ಇದ್ದಳು. ನಮ್ಮ ಕಡೆ ಕೂಡುಬಾವಿಯ ನೀರಿಗೆ ಪಾಳಿ ಹಚ್ಚುವುದು ಹೊಸದಲ್ಲ. ಇವತ್ತು ನಿನ್ನ ಹೊಲಕ್ಕೆ, ನಾಳೆ ನನ್ನ ಹೊಲಕ್ಕೆ. ಅವ್ವ ಅದನ್ನೇ ಗಾಡಿಗೂ ಹಚ್ಚಿದಳು.

"ಅಮಾಸಿ ಸಂಜೀಕ ದೊಡ್ಡಾಂವ ತಗೊಳ್ಳಿ, ಹುಣ್ಣಿವಿ ಸಂಜೀಕ ಸಣ್ಣಾಂವಗ ಕೊಡ್ಲಿ. ಚಂದ್ರಾಮ ಯಾರಿಗೂ ಮೋಸ ಮಾಡಂಗಿಲ್ಲ" ಎಂದಳು.

ಹೀಗೆ ಅಣ್ಣನಿಗೆ ಬೆಳಕಿನ ಪಕ್ಷ, ತಮ್ಮನಿಗೆ ಕತ್ತಲೆಯ ಪಕ್ಷ ಬಂತು. ಮುಂದಿನ ವರ್ಷ ಅವ್ವ ತೀರಿಕೊಂಡಳು. ಪಾಳಿ ಮಾತ್ರ ಉಳಿಯಿತು.

ಈ ಪಾಳಿಯಿಂದ ನನಗೊಂದು ಉಪಕಾರವಾಯಿತು, ಅದನ್ನು ಇಲ್ಲೇ ಹೇಳಬೇಕು. ಅವ್ವ ಹೋದ ಮೇಲೆ ನನಗೆ ತವರು ಎಂದರೆ ಯಾವ ಬಾಗಿಲು? ಅಣ್ಣನ ಮನೆಯಲ್ಲಿ ಉಂಡರೆ ತಮ್ಮನ ಮುಖ ಊದುತ್ತದೆ, ತಮ್ಮನ ಮನೆಯಲ್ಲಿ ಮಲಗಿದರೆ ಅಣ್ಣನ ಹೆಂಡತಿ, ನಮ್ಮ ವೈನಿ, ಮಾತು ಬಿಡುತ್ತಾಳೆ. ಆದರೆ ನನ್ನನ್ನು ಕರೆಯಲು ಬರುವುದು ಜೀಪು. ಯಾರ ಪಾಳಿಯಲ್ಲಿ ಬರುತ್ತದೋ ಅವರ ಮನೆಯಲ್ಲಿ ನನ್ನ ಊಟ. ನಾಗರ ಪಂಚಮಿ ಯಾವಾಗಲೂ ಬೆಳಕಿನ ಪಕ್ಷದಲ್ಲಿ ಬೀಳುತ್ತದೆ, ಹಾಗಾಗಿ ಪಂಚಮಿ ಅಣ್ಣನದು. ದೀಪಾವಳಿಯ ಎಣ್ಣೆ ನೀರು ಕತ್ತಲೆಯ ಪಕ್ಷದಲ್ಲಿ, ಅದು ತಮ್ಮನದು. ನಾನು ಯಾರನ್ನೂ ಆರಿಸಿದವಳಲ್ಲ, ಗಾಡಿ ಕರೆದೊಯ್ದ ಕಡೆ ಹೋದವಳು. ಯಾರೂ ನನ್ನ ಮೇಲೆ ಸಿಟ್ಟಾಗಲು ಜಾಗವೇ ಇರಲಿಲ್ಲ. ಇಬ್ಬರು ಒಡಹುಟ್ಟಿದವರೂ ನನಗೆ ಉಳಿದದ್ದು ಆ ತಗಡಿನ ಗಾಡಿಯಿಂದ. ಅದಕ್ಕೇ ಅದು ಓಡುತ್ತಿರಬೇಕೆಂದು ನನಗೆ ಅಷ್ಟು ಸಂಕಟ.

ಓಡುವುದೇ ಕಷ್ಟವಾಗಿತ್ತು. ಹಳೆಯ ಗಾಡಿ ಎಂದ ಮೇಲೆ ರಿಪೇರಿ ಮುಗಿಯುವುದಿಲ್ಲ. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುತ್ತದೆ. ಎಲ್ಲ ಮನೆಗಳಲ್ಲೂ ಯಾವುದು ಮೊದಲು, ಯಾವುದು ಆಮೇಲೆ ಎಂದು ಯೋಚಿಸುತ್ತಾರೆ. ನಮ್ಮವರೂ ಯೋಚಿಸಿದರು. ಅವರ ಲೆಕ್ಕದಲ್ಲಿ, ಪಾಳಿ ಮುಗಿದಾಗ ಬಿಚ್ಚಿ ಮನೆಗೆ ಒಯ್ಯಲು ಬರುವುದು ಮೊದಲು. ಬಿಚ್ಚಲು ಬಾರದ್ದು ಕಡೆಗೆ.

ತಮ್ಮನಿಗೆ ಕತ್ತಲೆಯ ಪಕ್ಷವಾದ್ದರಿಂದ ಅವನು ಹೊಸ ಹೆಡ್‌ಲೈಟ್ ಬಲ್ಬು ತಂದ. ಹೊಸ ಬ್ಯಾಟರಿ ತಂದ. ಅಮಾವಾಸ್ಯೆಗೆ ಎರಡನ್ನೂ ಬಿಚ್ಚಿಕೊಂಡು ಹೋದ. ಅಣ್ಣ ತನ್ನ ಪಾಳಿಗೆ ಬೆಳದಿಂಗಳಿದೆ ಎಂದು ದೀಪದ ಗೋಜಿಗೆ ಹೋಗಲಿಲ್ಲ. ತನ್ನದೇ ಬ್ಯಾಟರಿ ತಂದ, ಸೀಟಿಗೆ ಹೊಸ ಕವರು ತಂದ, ಎಮ್ಮೆ ಒದರಿದಂಥ ಒಂದು ಹಾರ್ನು ತಂದ. ಹುಣ್ಣಿಮೆಗೆ ಎಲ್ಲವನ್ನೂ ಬಿಚ್ಚಿದ. ಅಪ್ಪನ ಕಾಲದ ಸತ್ತ ಬ್ಯಾಟರಿ, ಸವೆದ ಸ್ಟೆಪ್ನಿ ಗುಜರಿಗೆ ಹೋದವು.

ಒಂದು ಹುಣ್ಣಿಮೆಯ ಸಂಜೆ ನಾನು ಅಲ್ಲೇ ಇದ್ದೆ. ಅಂಗಳದ ಬೇವಿನ ಗಿಡದ ಕೆಳಗೆ ಅಣ್ಣ ಪಾನಾ ಹಿಡಿದು ಬ್ಯಾಟರಿಯ ನಟ್ಟು ಬಿಚ್ಚುತ್ತಿದ್ದ. ತಮ್ಮ ತನ್ನ ಬ್ಯಾಟರಿಯನ್ನು ಹೆಗಲ ಮೇಲಿಟ್ಟುಕೊಂಡು ಕಾಯುತ್ತ ನಿಂತಿದ್ದ. ನಟ್ಟಿಗೆ ತುಕ್ಕು ಹಿಡಿದಿತ್ತು. ತಮ್ಮ ಒಂದು ಮಾತೂ ಆಡದೆ ಬ್ಯಾಟರಿ ಕೆಳಗಿಟ್ಟು, ಮೊಬೈಲಿನ ದೀಪ ಹಚ್ಚಿ ಹಿಡಿದ. ಅಣ್ಣನೂ ಮಾತಾಡಲಿಲ್ಲ. ಆದರೆ ಬೆಳಕು ಬೇಕಾದ ಕಡೆ ತಲೆ ಸರಿಸಿ ಜಾಗ ಮಾಡಿಕೊಟ್ಟ. ಮೂಕರ ಸಂಸಾರ ಎಂದು ನಾನು ಒಳಗೊಳಗೇ ಬೈದೆ. ಆದರೂ ತಿಂಗಳಿಗೆ ಎರಡು ಸಲ, ನಟ್ಟು ಬಿಚ್ಚುವಷ್ಟು ಹೊತ್ತು, ಅವರಿಬ್ಬರೂ ಒಂದೇ ಬಾನೆಟ್ಟಿನ ಮೇಲೆ ಬಗ್ಗಿ ನಿಲ್ಲುತ್ತಿದ್ದರು.

ಬಿಚ್ಚಲು ಬಾರದ್ದರ ಗತಿ ಏನು? ಬ್ರೇಕಿನ ಲೈನರ್ ಹಾಕಿಸಿದರೆ ಮನೆಗೆ ಒಯ್ಯಲಾಗುತ್ತದೆಯೇ? ಇಂಜಿನ್ ಆಯಿಲ್ ಹೊಸದು ಹಾಕಿದರೆ ಅಮಾವಾಸ್ಯೆಗೆ ಬಸಿದುಕೊಂಡು ಹೋಗಲಾಗುತ್ತದೆಯೇ? (ತಮ್ಮ ಒಂದು ಸಲ ಅದನ್ನೂ ಯೋಚಿಸಿದ್ದನಂತೆ. ಅವನ ಹೆಂಡತಿಯೇ ನಾಚಿಕೆಯಿಂದ ನನಗೆ ಹೇಳಿದಳು.) ಗೇರ್ ಬಾಕ್ಸು, ಸ್ಟೇರಿಂಗು, ಬ್ರೇಕು ಎಲ್ಲವೂ "ಅಂವ ಮಾಡಸ್ಲಿ" ಎಂಬ ಒಂದೇ ಮಾತಿನ ಮೇಲೆ ನಿಂತಿದ್ದವು. ಇಬ್ಬರ ಕೂಸು ಬಡವಾಯಿತು ಎನ್ನುವುದು ಇದಕ್ಕೇ.

ಹತ್ತಿ ಬಿಡಿಸುವ ಕಾಲ ಬಂತು. ತಮ್ಮ ಸಂಜೆ ಹೆಣ್ಣಾಳುಗಳನ್ನು ತುಂಬಿಕೊಂಡು ಊರಿಗೆ ಮರಳುತ್ತಿದ್ದ. ಕಾಲುವೆಯ ಸೇತುವೆ ಇಳಿಯುವಾಗ ಬ್ರೇಕು ಒತ್ತಿದರೆ ಪೆಡಲು ತಳ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ಅವನು ಗೇರ್ ಇಳಿಸಿ, ಪಕ್ಕದ ಉತ್ತ ಹೊಲಕ್ಕೆ ಹೊರಳಿಸಿದ. ನಮ್ಮ ಎರೆಮಣ್ಣು ಗಾಲಿಗಳನ್ನು ಹಿಡಿದು ನಿಲ್ಲಿಸಿತು. ಯಾರಿಗೂ ಪೆಟ್ಟಾಗಲಿಲ್ಲ. ಒಬ್ಬ ಮುದುಕಿ ಮಾತ್ರ ಇಳಿದು ಬಂದು ಅವನ ಕಪಾಳಕ್ಕೆ ಹೊಡೆದು, ಆಮೇಲೆ ಅವನನ್ನೇ ತಬ್ಬಿಕೊಂಡು ಅತ್ತಳಂತೆ. ಇದನ್ನು ತಮ್ಮ ಅವತ್ತು ರಾತ್ರಿಯೇ ಫೋನಿನಲ್ಲಿ ಹೇಳಿದ. ನಾನು ಮೊದಲು ಕೇಳಿದ್ದು, ಇದನ್ನು ಅಣ್ಣನಿಗೆ ಹೇಳಿದೆಯಾ ಎಂದು.

"ಯಾಕ ಹೇಳ್ಲಿ? ಅವನ ಪಾಳಿದಾಗ ಅವನಿಗೇ ತಿಳೀತದ" ಎಂದ.

ಬ್ರೇಕಿಲ್ಲದ ಗಾಡಿಯನ್ನು ಒಡಹುಟ್ಟಿದವನ ಕೈಗೆ ಕೊಟ್ಟು ಸುಮ್ಮನಿರುವಷ್ಟು ಇವನು ಕಲ್ಲಾದನೇ? ಬಾಯಿಗೆ ಬಂದಂತೆ ಬೈದೆ. ಮರುದಿನವೇ ಗಾಡಿಯನ್ನು ಮೆಲ್ಲಗೆ ಶಹಾಪುರಕ್ಕೆ ತರಿಸಿ, ನಮ್ಮ ಮನೆಯ ಹತ್ತಿರದ ಗ್ಯಾರೇಜಿನ ಮಿಸ್ತ್ರಿಗೆ ತೋರಿಸಿದೆ. ಮಿಸ್ತ್ರಿ ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಗಾಡಿಯ ಸುತ್ತ ತಿರುಗಿದ.

"ಅಕ್ಕಾರ, ಮೊದಲ ಗಾಡಿ ನಿಲ್ಲಬೇಕ್ರಿ. ಆಮ್ಯಾಲ ತಿರುಗಿಸಿದ ಕಡೆ ಹೊಳ್ಳಬೇಕು. ಆಮ್ಯಾಲ ಓಡಬೇಕು. ಚಂದ ಕಾಣೂದು ಕಡೀಕ. ನಿಮ್ಮ ಅಣ್ತಮ್ರು ಪೂರಾ ಉಲ್ಟಾ ಮಾಡ್ಯಾರ. ಹಾರ್ನ್ ಚಲೋ ಅದ, ಬಾಕಿ ಎಲ್ಲಾ ಖಲಾಸ್ ಅದ."

"ಹಂಗಾದ್ರ ಮಾಡ್ರಿ."

"ಬ್ರೇಕ್ ಸದ್ಯಕ್ಕ ಮಾಡಿ ಕೊಡ್ತೀನಿ. ಸ್ಟೇರಿಂಗ್, ಗೇರ್, ಇಂಜಿನ್ ಎಲ್ಲಾ ಇಳಿಸಿ ಮಾಡಬೇಕಂದ್ರ ತಿಂಗಳ ಬೇಕ್ರಿ. ಇಂಜಿನ್ ಬೋರ್ ಹೊಡಸಾಕ ಯಾದಗಿರಿಗೆ ಕಳಸ್ಬೇಕು, ಸಾಮಾನ ಕಲಬುರ್ಗಿಯಿಂದ ಬರಬೇಕು."

ತಿಂಗಳು ಎಂದರೆ ಎರಡು ಪಾಳಿ. ಅಣ್ಣನನ್ನು ಕೇಳಿದೆ, ಮೊದಲು ತಮ್ಮ ತನ್ನ ಪಾಳಿ ಬಿಡಲಿ ಎಂದ. ತಮ್ಮನನ್ನು ಕೇಳಿದೆ, ಮೊದಲು ದೊಡ್ಡವನು ದೊಡ್ಡವನ ಹಾಗೆ ನಡೆದುಕೊಳ್ಳಲಿ ಎಂದ. ನಡುವೆ ನಾನು ಫೋನು ಹಿಡಿದು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದೆ.

ಹೀಗೇ ಬೇಸಿಗೆ ಕಳೆಯಿತು, ಅಧಿಕ ಮಾಸ ಬಂತು. ಪಾಲಾದ ಮೇಲೆ ಬಂದ ಮೊದಲ ಅಧಿಕ ಮಾಸ ಅದು. ಮದುವೆ ಮುಂಜಿ ಏನೂ ಇಲ್ಲದ ತಿಂಗಳು, ಬಾಡಿಗೆ ಕಡಿಮೆ. ಆ ತಿಂಗಳು ತವರಿನವರು ಮಗಳು ಅಳಿಯನನ್ನು ಕರೆದು ಹೋಳಿಗೆ ಉಣಿಸಿ ಬಾಗಿನ ಕೊಡುವುದು ನಮ್ಮ ಕಡೆಯ ರೂಢಿ. ಬಾಗಿನ ಕೇಳಿದ ಹೆಣ್ಣುಮಗಳಿಗೆ ಇಲ್ಲ ಎಂದರೆ ಊರು ಉಗುಳುತ್ತದೆ. ನಾನು ಅಮಾವಾಸ್ಯೆಯ ಮುಂಜಾನೆಯೇ ಊರಿಗೆ ಹೋಗಿ ಎರಡೂ ಬಾಗಿಲಿಗೆ ಕೇಳುವಂತೆ ಅಂಗಳದ ನಡುವೆ ನಿಂತೆ.

"ನನಗ ಸೀರಿ ಬ್ಯಾಡ, ಬೆಳ್ಳಿ ಬ್ಯಾಡ. ಈ ಅಧಿಕ ಮಾಸ ದೊಡ್ಡಾಂವಂದೂ ಅಲ್ಲ, ಸಣ್ಣಾಂವಂದೂ ಅಲ್ಲ, ನಂದು. ಗಾಡಿ ತಿಂಗಳ ತನಾ ನನಗ ಕೊಡ್ರಿ. ಇದಾ ನನ್ನ ಬಾಗಿನ" ಎಂದೆ.

ಅಣ್ಣ ಬಾಗಿಲಲ್ಲಿ ನಿಂತು ಮೀಸೆ ತಿರುವಿದ. ತಮ್ಮ ನೆಲ ನೋಡಿದ. ಇಬ್ಬರ ಹೆಂಡಂದಿರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಇಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಸೀರೆಗೆ, ಬೆಳ್ಳಿಗೆ ಹೋಗುವ ಹಣ ಗ್ಯಾರೇಜಿಗೆ ಹೋಯಿತು, ಕಡಿಮೆ ಬಿದ್ದದ್ದಕ್ಕೆ ನಾನು ಕೈ ಹಚ್ಚಿದೆ.

ಆ ತಿಂಗಳು ನನಗೆ ಹಬ್ಬ. ಶಾಲೆ ಬಿಟ್ಟ ಮೇಲೆ ಗ್ಯಾರೇಜಿಗೆ ಹೋಗಿ ಸ್ಟೂಲಿನ ಮೇಲೆ ಕುಳಿತುಬಿಡುತ್ತಿದ್ದೆ. ಮಿಸ್ತ್ರಿ ತಾನು ಹೇಳಿದ ಕ್ರಮದಲ್ಲೇ ಹೊರಟ. ಬ್ರೇಕು ಮುಗಿಸಿ ಸ್ಟೇರಿಂಗಿಗೆ, ಸ್ಟೇರಿಂಗು ಮುಗಿಸಿ ಗೇರಿಗೆ, ಆಮೇಲೆ ಇಂಜಿನ್ನಿಗೆ. ಬಣ್ಣ ಹೊಡೆಸಲೇ ಎಂದು ಅಣ್ಣ ಫೋನು ಮಾಡಿದ, ಬೇಡವೆಂದೆ. ಸೀಟು ಬದಲಿಸಲೇ ಎಂದು ತಮ್ಮ ಕೇಳಿದ, ಬೇಡವೆಂದೆ. ಅದರ ಬದಲು ಒಂದು ಒಳ್ಳೆಯ ಬ್ಯಾಟರಿ ತರಿಸಿ, ಅದರ ಸುತ್ತ ಕಬ್ಬಿಣದ ಪಂಜರ ವೆಲ್ಡಿಂಗ್ ಮಾಡಿಸಿ ಬೀಗ ಜಡಿಸಿದೆ. ಬೀಗದ ಕೈ ನನ್ನ ಕೊರಳ ಸರಕ್ಕೆ ಕಟ್ಟಿಕೊಂಡೆ. ನಮ್ಮ ಯಜಮಾನರು ನೋಡಿ, "ಇನ್ನ ಗಾಡಿಗೆ ತಾಳಿ ಒಂದ್ ಬಾಕಿ" ಎಂದು ಕಾಡಿದರು.

ಇಂಜಿನ್ ಕೂರಿಸುವ ದಿನ ಇಬ್ಬರನ್ನೂ ಕರೆಸಿದೆ. ಇನ್ನೊಬ್ಬ ಬರುತ್ತಾನೆಂದು ಯಾರಿಗೂ ಹೇಳಿರಲಿಲ್ಲ. ಸರಪಳಿಗೆ ಇಂಜಿನ್ ಜೋತುಬಿದ್ದಿತ್ತು, ಹಿಡಿಯಲು ಕೈ ಬೇಕಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ನನ್ನನ್ನು ನೋಡಿದರು, ಅಂಗಿಯ ತೋಳು ಮಡಚಿದರು.

"ಸ್ವಲ್ಪ ಎಡಕ್ಕ" ಎಂದ ಅಣ್ಣ.

"ಹಿಡದೀನಿ, ನೀ ಬಿಡು" ಎಂದ ತಮ್ಮ.

"ಬೆರಳು ನೋಡ್ಕೋ."

ಇಷ್ಟೇ. ಆದರೆ ಇಬ್ಬರ ನಡುವೆ ನೇರ ಮಾತು ಕೇಳಿ ಎಷ್ಟು ಕಾಲವಾಗಿತ್ತೋ. ನಾನು ಥರ್ಮಾಸಿನಲ್ಲಿ ತಂದಿದ್ದ ಚಹಾ ಬಗ್ಗಿಸುವಾಗ ಅರ್ಧ ನೆಲಕ್ಕೇ ಚೆಲ್ಲಿದೆ. ಅವರಿಬ್ಬರೂ ಕೈಗೆ ಹತ್ತಿದ ಗ್ರೀಸನ್ನು ಒಂದೇ ಬಟ್ಟೆಗೆ ಒರೆಸಿಕೊಂಡರು. ಅವ್ವ ಇರಬೇಕಿತ್ತು ಎಂದುಕೊಂಡೆ. ಇನ್ನು ಎಲ್ಲವೂ ನೆಟ್ಟಗಾಗುತ್ತದೆ ಎಂದು ಅವತ್ತು ನಿಜವಾಗಿಯೂ ನಂಬಿದ್ದೆ.

ಗಾಡಿ ಹೊಸ ಜೀವ ಪಡೆದು ಬಂತು. ಧಕ್ಕಾ ಹೊಡೆಯುವುದು ತಪ್ಪಿತು, ಹೊಗೆ ನಿಂತಿತು, ಭೀಮಾ ನದಿಯ ಸೇತುವೆಯ ಮೇಲೆ ಲಾರಿಗಳನ್ನು ಹಿಂದೆ ಹಾಕಿತು. ಮುಂದಿನ ಹುಣ್ಣಿಮೆಗೆ ಅಣ್ಣ ಗಾಡಿಯ ಚಾವಿಯನ್ನು ತಮ್ಮನ ಕಟ್ಟೆಯ ಮೇಲಿಟ್ಟು ಒಳಗೆ ಹೋದ. ಬಿಚ್ಚುವುದು ಏನೂ ಇರಲಿಲ್ಲ, ನಿಲ್ಲುವ ಕೆಲಸವೂ ಇರಲಿಲ್ಲ. ತಮ್ಮ ಆಮೇಲೆ ಬಂದು ಚಾವಿ ತೆಗೆದುಕೊಂಡ. ವೈನಿ ಇದನ್ನು ಫೋನಿನಲ್ಲಿ ಸಂತೋಷದಿಂದಲೇ ಹೇಳಿದಳು: "ಈಗ ಕಿರಿಕಿರಿ ಇಲ್ಲವ್ವಾ, ಯಾರೂ ಯಾರ ಮಾರಿ ನೋಡೂದು ಬ್ಯಾಡ." ನನಗೆ ಇಬ್ಬರೂ ಬಗ್ಗಿ ನಿಲ್ಲುತ್ತಿದ್ದ ಬಾನೆಟ್ಟು ನೆನಪಾಯಿತು. ಆದರೂ ಬೇರೆ ಮಾತು ತೆಗೆದೆ.

ಆಷಾಢದಲ್ಲಿ ಗುರುಮಠಕಲ್ ಕಡೆಯ ಒಬ್ಬ ವ್ಯಾಪಾರಿ ಯಾದಗಿರಿ ಸ್ಟೇಷನ್ನಿನ ಎದುರು ಈ ಗಾಡಿಯ ಇಂಜಿನ್ ಸದ್ದು ಕೇಳಿ ನಿಂತನಂತೆ. ಬಾನೆಟ್ಟು ಎತ್ತಿಸಿ ನೋಡಿದ, ಸ್ವಲ್ಪ ದೂರ ಓಡಿಸಿ ನೋಡಿದ, ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಬೆಲೆ ಕೇಳಿದ. ಅದು ತಮ್ಮನ ಪಾಳಿ. ತಮ್ಮ ಹಿರಿಯರ ಕೈಯಲ್ಲಿ ಅಣ್ಣನಿಗೆ ಹೇಳಿ ಕಳಿಸಿದ. ಪಾಲಾದ ಮೇಲೆ ಯಾವ ಮಾತಿಗೂ ಕೂಡದಿದ್ದ ಇಬ್ಬರೂ ಇದೊಂದಕ್ಕೆ ತಡವಿಲ್ಲದೆ ಕೂಡಿದರು. ನನಗೆ ಫೋನು ಬಂದದ್ದು ಬ್ಯಾಟರಿಯ ಪಂಜರದ ಬೀಗದ ಕೈ ಬೇಕು ಎಂದು.

ನಾನು ಬಸ್ಸು ಹಿಡಿದು ಓಡಿದೆ. ವ್ಯಾಪಾರಿ ಬೇವಿನ ಗಿಡದ ಕೆಳಗೆ ಕಾಯುತ್ತಿದ್ದ. ಇಬ್ಬರೂ ಅವರವರ ಕಟ್ಟೆಯ ಮೇಲೆ ಕುಳಿತಿದ್ದರು.

"ಇದಕ್ಕೇನ್ರೋ ನಾ ಬಾಗಿನ ಬಿಟ್ಟಿದ್ದು? ಮಾರಾಕ ಮಾಡ್ಸಿದ್ನೇನು ಇದನ್ನ?" ಎಂದು ಕೂಗಿದೆ.

ಅಣ್ಣ ಬೇಸರದಿಂದ ಹೇಳಿದ: "ತಂಗೀ, ಸಿಟ್ಟಿಗೇಳಬ್ಯಾಡ. ಇಷ್ಟ್ ದಿನ ಯಾರ್ ಕೇಳ್ತಿದ್ರು ಇದನ್ನ? ಕೆಟ್ಟಿತ್ತಂತ ಕೂಡಿ ಕುಂತಿದ್ವಿ. ಈಗ ಗಿರಾಕಿ ಬಂದಾನ. ಅವನ ಹಾದಿ ಅವನಿಗೆ, ನನ್ನ ಹಾದಿ ನನಗೆ ಆಗ್ಲಿ ಬಿಡು."

ತಮ್ಮ ಎದ್ದು ಬಂದು ನನ್ನ ಕೈ ಹಿಡಿದ. ಅವನ ಕಣ್ಣಲ್ಲಿ ಕುಹಕ ಇರಲಿಲ್ಲ, ಅದೇ ನನ್ನನ್ನು ಕೊಂದದ್ದು. "ಅಕ್ಕಾ, ನೀ ಚಲೋ ಮಾಡ್ಸಿ ಕೊಟ್ಟಿ. ನಿನ್ನ ಉಪಕಾರ ಮರೆಯಂಗಿಲ್ಲ" ಎಂದ.

ಕೆಟ್ಟ ಗಾಡಿ ಇಬ್ಬರನ್ನೂ ಕಟ್ಟಿ ಹಾಕಿತ್ತು. ಅದನ್ನು ನೆಟ್ಟಗೆ ಮಾಡಿ ನಾನು ಕಟ್ಟು ಬಿಚ್ಚಿದ್ದೆ. ಸರದಿಂದ ಬೀಗದ ಕೈ ಬಿಚ್ಚಿ ವ್ಯಾಪಾರಿಗೆ ಕೊಟ್ಟೆ. ಅವನು ಒಂದೇ ಸಲಕ್ಕೆ ಗಾಡಿ ಚಾಲೂ ಮಾಡಿಕೊಂಡು ಹೊರಟುಹೋದ. ಅಂಗಳದಲ್ಲಿ ನಿಂತು ಅತ್ತುಬಿಟ್ಟೆ, ಎರಡೂ ಮನೆಯವರು ನೀರು ತಂದು ಕೊಟ್ಟರು, ಯಾರ ನೀರನ್ನೂ ಕುಡಿಯದೆ ಬಸ್ಸು ಹತ್ತಿದೆ.

ಶ್ರಾವಣ ಬಂತು. ಪಂಚಮಿಗೆ ಎರಡು ದಿನ ಮುಂಚೆ ಅಣ್ಣ ಬೈಕಿನ ಮೇಲೆ ಕರೆಯಲು ಬಂದ. ಅವನು ಕಟ್ಟೆಯ ಮೇಲೆ ಕುಳಿತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ತಮ್ಮನ ಬೈಕೂ ಬಂತು. ಅಣ್ಣನನ್ನು ಕಂಡು ತಮ್ಮ ಒಳಗೆ ಬರಲಿಲ್ಲ. ರಸ್ತೆಯಾಚೆ ಬೈಕಿನ ಮೇಲೆಯೇ ಕುಳಿತ.

"ಪಂಚಮಿ ಮೊದಲಿಂದಲೂ ನಂದು. ಚೀಲ ತುಂಬ್ಕೋ" ಎಂದ ಅಣ್ಣ.

ನಾನು ರಸ್ತೆ ದಾಟಿ ಹೋದೆ. "ಅದು ಗಾಡಿ ಇದ್ದಾಗಿನ ಮಾತಕ್ಕಾ. ಈಗ ಪಾಳಿ ಎಲ್ಲೀದು? ನಾನೂ ನಿನ್ನ ತಮ್ಮನಾ, ನಮ್ಮನೀಗೆ ಬಾ" ಎಂದ ತಮ್ಮ.

ಇಬ್ಬರ ಮಾತೂ ಸರಿಯೇ. ಒಬ್ಬನ ಬೈಕು ಹತ್ತಿದರೆ ಇನ್ನೊಬ್ಬನ ಬಾಗಿಲು ನನಗೆ ಅವತ್ತಿಗೇ ಮುಚ್ಚುತ್ತದೆ ಎಂದು ಇಬ್ಬರ ಮುಖದಲ್ಲೂ ಬರೆದಿತ್ತು. ಚಹಾ ಮಾಡಿದೆ. ಒಂದು ಕಪ್ ಕಟ್ಟೆಗೆ, ಒಂದು ಕಪ್ ರಸ್ತೆಯಾಚೆ. ಆಮೇಲೆ ಇಬ್ಬರಿಗೂ ಕೇಳುವಂತೆ, ಶಾಲೆಯಲ್ಲಿ ಕೆಲಸವಿದೆ, ಈ ಸಲ ಬರಲು ಆಗುವುದಿಲ್ಲ ಎಂದು ಸುಳ್ಳು ಹೇಳಿದೆ. ಇಬ್ಬರೂ ನಂಬಲಿಲ್ಲ, ಆದರೆ ಒತ್ತಾಯವನ್ನೂ ಮಾಡಲಿಲ್ಲ. ಇಬ್ಬರೂ ಹೋಗಬೇಕಾದ ದಾರಿ ಒಂದೇ, ಊರು ಒಂದೇ, ಅಂಗಳ ಒಂದೇ. ಮೊದಲು ಅಣ್ಣ ಹೊರಟ. ಅವನು ಕಣ್ಣಿಗೆ ಮರೆಯಾಗುವ ತನಕ ಕಾಯ್ದು ಆಮೇಲೆ ತಮ್ಮ ಕಿಕ್ ಹೊಡೆದ.

ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ನಾನು ಮಾಡಿದ ಮೊದಲ ಪಂಚಮಿ ಅದು. ಮಣ್ಣಿನ ನಾಗಪ್ಪನ ಮುಂದೆ ಅತ್ತೆಯ ಪಕ್ಕ ಕುಳಿತೆ. ನಮ್ಮಲ್ಲಿ ಹಾಲೆರೆಯುವಾಗ ಒಬ್ಬೊಬ್ಬರನ್ನು ನೆನೆದು ಅವರ ಪಾಲು ಎಂದು ಹೇಳಿ ಎರೆಯುತ್ತಾರೆ. ಅಪ್ಪನ ಪಾಲು ಎಂದೆ, ಅವ್ವನ ಪಾಲು ಎಂದೆ. ಇನ್ನು ಅಣ್ಣನ ಪಾಲು ಮೊದಲೋ ತಮ್ಮನದು ಮೊದಲೋ, ಬಟ್ಟಲು ಹಿಡಿದುಕೊಂಡೇ ಕುಳಿತೆ. ಅತ್ತೆ ನನ್ನ ಕೈಯಿಂದ ಹಾಲಿನ ಬಟ್ಟಲು ತೆಗೆದುಕೊಂಡು, ಅಣ್ಣನದನ್ನೂ ತಮ್ಮನದನ್ನೂ ನನ್ನ ಪರವಾಗಿ ಅವರೇ ಎರೆದರು.